ಯಾರ ಇಪ್ಪತ್ತೆರಡು?

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಹೊತ್ತಿತ್ತು, ಪ್ರತಿ ಹೊತ್ತಿಗೂ ಒಂದು ಗಂಟೆಯಿತ್ತು. ಅಪ್ಪ ಬಸವಕಲ್ಯಾಣದ ಒಂದು ಶಾಲೆಯಲ್ಲಿ ಗಂಟೆ ಹೊಡೆಯುವ ಸಿಪಾಯಿ. ಬೇವಿನ ಮರಕ್ಕೆ ತೂಗುಹಾಕಿದ ಕಂಚಿನ ತಟ್ಟೆಗೆ ಮರದ ಕೊಡತಿಯಿಂದ ಅವನು ಬಾರಿಸಿದರೆ ಆ ಸದ್ದು ಕೋಟೆಯ ಗೋಡೆಗೆ ತಾಗಿ ತಿರುಗಿ ಬರುತ್ತಿತ್ತು. ಮನೆಗೆ ಬಂದ ಮೇಲೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಹಿತ್ತಾಳೆ ಲೋಟಕ್ಕೆ ಒಂದು ಸಲ ಚಮಚ ಬಡಿದರೆ ಏಳಬೇಕು, ಎರಡು ಸಲ ಬಡಿದರೆ ಪ್ರಾರ್ಥನೆಗೆ ಕೂರಬೇಕು. ಮಕ್ಕಳೇ, ನಾನು ಈಗಲೂ ಬೆಳಿಗ್ಗೆ ಚಹಾದ ಲೋಟಕ್ಕೆ ಚಮಚ ಬಡಿದು ನಿಮ್ಮನ್ನು ಎಬ್ಬಿಸುತ್ತೇನಲ್ಲ, ಅದು ಅಲ್ಲಿಂದ ಬಂದದ್ದು.

ಆಗ ಊರಿನಲ್ಲಿ ಕಥೋಲಿಕರ ಮನೆಗಳು ಬೆರಳಲ್ಲಿ ಎಣಿಸುವಷ್ಟಿದ್ದವು. ನಮ್ಮದೇ ಎಂದು ಹೇಳಿಕೊಳ್ಳಲು ಒಂದು ಚರ್ಚು ಇರಲಿಲ್ಲ. ಫಾದರ್ ಎಂದೋ ಒಮ್ಮೆ ಬಂದು ಯಾರದಾದರೂ ಪಡಸಾಲೆಯಲ್ಲಿ ಬಲಿಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ನಮ್ಮ ಅಡುಗೆಮನೆಯ ಪಕ್ಕದ ಗೂಡೇ ಚರ್ಚು. ಅದರಲ್ಲಿ ಮಾತೆ ಮರಿಯಮ್ಮನ ಚಿತ್ರ, ಒಂದು ಶಿಲುಬೆ, ಎಣ್ಣೆಯ ದೀಪ. ಗೂಡಿನ ಪಕ್ಕದ ಮೊಳೆಗೆ ಫಾದರ್ ಕೊಟ್ಟ ಕ್ಯಾಲೆಂಡರ್. ಅದರ ಪ್ರತಿ ದಿನದ ಕೆಳಗೆ, ಆ ದಿನ ಧರ್ಮಗ್ರಂಥದ ಯಾವ ಭಾಗ ಓದಬೇಕೆಂದು ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತಿತ್ತು.

ಅಪ್ಪನ ನಿಯಮ ಒಂದೇ. ಕ್ಯಾಲೆಂಡರ್ ಏನು ಹೇಳುತ್ತದೋ ಅದನ್ನೇ ಓದಬೇಕು. ನಮಗೆ ಬೇಕಾದದ್ದನ್ನು ನಾವು ಆರಿಸುವಂತಿಲ್ಲ. ನನ್ನ ಅಕ್ಕನಿಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲ. ಅವಳಿಗೆ ಮನಸ್ಸಿಗೆ ಹಿಡಿಸಿದ ಪುಟ ತೆರೆದು ಓದುವ ಆಸೆ.

"ಬರೀ ಯುದ್ಧದ ಮಾತು ಬಂದದ ಇವತ್ತ. ಬ್ಯಾರೆ ಏನರೆ ಓದೂಣಲ್ಲಪ್ಪ," ಎಂದು ಅವಳು ಕೇಳಿದರೆ ಅಪ್ಪ ತಲೆಯಾಡಿಸುತ್ತಿದ್ದ.

"ಬೇಕಾದ್ದು ಆರಿಸ್ಕೊಂಡು ಓದೂದಂದ್ರ ರೊಟ್ಟಿ ಬಿಟ್ಟು ಬರೀ ಹೋಳಗಿ ತಿಂದಂಗ. ಹೊಟ್ಟಿ ಕೆಡ್ತದ," ಎನ್ನುತ್ತಿದ್ದ.

ಕ್ಯಾಲೆಂಡರಿನಲ್ಲಿ ದಿನ ಹುಡುಕುವುದು ಅಪ್ಪನ ಕೆಲಸ, ಪುಸ್ತಕದಲ್ಲಿ ಪುಟ ಹುಡುಕುವುದು ಅಕ್ಕನ ಕೆಲಸ. ದೀಪ ಅವ್ವನದು. ನಾನು ಸುಮ್ಮನೆ ಕೂರಬೇಕಿತ್ತು, ಅದೇ ಎಲ್ಲಕ್ಕಿಂತ ಕಷ್ಟದ್ದು.

ಆ ವರ್ಷ ಅಕ್ಕ ನರ್ಸಿಂಗ್ ಕಲಿಯಲು ಹುಮನಾಬಾದಿಗೆ ಹೋದಳು. ಅಲ್ಲಿ ಸಿಸ್ಟರುಗಳು ನಡೆಸುವ ಒಂದು ಸಣ್ಣ ಆಸ್ಪತ್ರೆ, ಅದರ ಹಿಂದೆಯೇ ಹುಡುಗಿಯರ ಹಾಸ್ಟೆಲ್. ಹೋಗುವ ದಿನ ಅವಳು ಗೂಡಿನ ಮುಂದೆ ನಿಂತು, "ನೀವು ಇಲ್ಲಿ ಓದಿದ್ದು ನಾ ಅಲ್ಲಿ ಓದ್ತೀನಿ. ಆವಾಗ ನಾವು ಒಂದೇ ಮನಿಯಾಗ ಇದ್ದಂಗ," ಎಂದಳು. ಅವ್ವ ಆ ಮಾತನ್ನು ಗಂಟು ಹಾಕಿಟ್ಟುಕೊಂಡಳು. ಪುಟ ಹುಡುಕುವ ಕೆಲಸ ನನಗೆ ಬಂತು. ನಾನು ಆರು ಮತ್ತು ಒಂಬತ್ತರ ಅಂಕಿಗಳನ್ನು ಅದಲುಬದಲು ಮಾಡಿ ಎಷ್ಟೋ ದಿನ ಯಾವುದೋ ಪುಟ ತೆರೆದು ಬೈಸಿಕೊಂಡೆ.

ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಒಂದು ಶನಿವಾರ ಬೆಳಿಗ್ಗೆ, ಚಳಿಗೆ ಬಾಯಿಯಿಂದ ಹೊಗೆ ಬರುವಂಥ ಹೊತ್ತಿನಲ್ಲಿ, ಬಾಗಿಲ ಬಳಿ ಪೇರಲಹಣ್ಣಿನ ಘಮ ಬಂತು. ಖಾಲಾ ಬಂದಿದ್ದಳು. ಖಾಲಾ ಎಂದರೆ ಹುಮನಾಬಾದಿನ ಹಣ್ಣು ಮಾರುವ ಮುದುಕಿ. ಊರೆಲ್ಲ ಅವಳನ್ನು ಹಾಗೇ ಕರೆಯುತ್ತಿತ್ತು. ದಿನವೂ ಮೊದಲ ಬಸ್ಸಿಗೆ ಬುಟ್ಟಿ ಹಾಕಿಕೊಂಡು ನಮ್ಮೂರ ಬಜಾರಕ್ಕೆ ಬರುತ್ತಿದ್ದಳು, ನಮ್ಮ ಮನೆಯಲ್ಲಿ ನೀರು ಕುಡಿದು ಮುಂದೆ ಹೋಗುತ್ತಿದ್ದಳು. ಅಕ್ಕ ಏನಾದರೂ ಹೇಳಿ ಕಳಿಸಿದರೆ ಅದು ಪೇರಲದ ಜೊತೆಗೆ ನಮಗೆ ತಲುಪುತ್ತಿತ್ತು.

"ನಿನ್ನಿ ಸಂಜಿಕ ನಿಮ್ಮ ಬೇಟಿ ಬಂದಿದ್ಳು ನನ್ನ ಅಂಗಡಿಗೆ," ಎಂದಳು ಖಾಲಾ, ಬುಟ್ಟಿ ಇಳಿಸುತ್ತ. "ಅವ್ವಗ ಹೇಳು ಅಂದ್ಳು. ನಾಳಿ ಮುಂಜಾನಿ ನಿಮ್ಮ ದುವಾದಾಗ ಕೀರ್ತನ್ ಬಾವೀಸ್ ಓದ್ಬೇಕಂತ. ಇಪ್ಪತ್ತೆರಡು. ಮರೀಬ್ಯಾಡ ಖಾಲಾ, ಮರೀಬ್ಯಾಡ ಅಂತ ಕೈ ಹಿಡಕೊಂಡು ಹೇಳಿದ್ಳು."

"ಮತ್ತೇನಂದ್ಳು?" ಎಂದು ಅವ್ವ ಕೇಳಿದಳು.

"ಮತ್ತೇನಿಲ್ಲ. ಪೇರಲ ಕೊಟ್ರ ತಿನ್ಲಿಲ್ಲ."

ಖಾಲಾ ನೀರು ಕುಡಿದು ಹೋದಳು. ಅಪ್ಪ ಕ್ಯಾಲೆಂಡರಿನ ಮೇಲಿಟ್ಟ ಬೆರಳನ್ನು ತೆಗೆಯದೆ ನಿಂತಿದ್ದ. ಮಗಳು ನಿಯಮ ಮುರಿಯುತ್ತಿದ್ದಾಳೆ, ಬೇಕಾದದ್ದನ್ನು ಆರಿಸುತ್ತಿದ್ದಾಳೆ. ಆದರೆ ಅವಳು ದೂರದಲ್ಲಿದ್ದಾಳೆ. ಕೊನೆಗೆ ಬೆರಳು ಕೆಳಗಿಳಿಯಿತು. "ಇವತ್ತೊಂದಿನ ಆಕಿ ಹೇಳಿದ್ದೇ ಆಗ್ಲಿ," ಎಂದು ನನ್ನ ಕಡೆ ನೋಡಿದ.

ನಾನು ಕೀರ್ತನೆ ಇಪ್ಪತ್ತೆರಡನ್ನು ಹುಡುಕಿದೆ. ಈ ಸಲ ತಪ್ಪಾಗಬಾರದೆಂದು ಅಂಕಿಯನ್ನು ಎರಡೆರಡು ಸಲ ನೋಡಿದೆ. ಅಪ್ಪ ಪುಸ್ತಕವನ್ನು ದೀಪದ ಬೆಳಕಿಗೆ ಹಿಡಿದು ಓದಲು ತೊಡಗಿದ.

ಮಕ್ಕಳೇ, ಆ ಕೀರ್ತನೆ ಹೇಗೆ ಶುರುವಾಗುತ್ತದೆ ಗೊತ್ತೆ? ಒಬ್ಬ ಮನುಷ್ಯ ದೇವರನ್ನು ಕೂಗಿ, ನೀನೂ ನನ್ನ ಕೈಬಿಟ್ಟೆಯಲ್ಲ ಎಂದು ಅಳುತ್ತಾನೆ. ಹಗಲು ಕರೆದರೂ ಉತ್ತರವಿಲ್ಲ, ರಾತ್ರಿ ನಿದ್ದೆಯಿಲ್ಲ. ಸುತ್ತ ನಿಂತವರು ನಗುತ್ತಾರೆ. ಮೈಯ ಎಲುಬುಗಳೆಲ್ಲ ಸಡಿಲವಾಗಿವೆ, ನಾಲಿಗೆ ಅಂಗುಳಿಗೆ ಅಂಟಿಕೊಂಡಿದೆ. ಅಪ್ಪನ ದನಿ ಒಂದೊಂದು ಸಾಲಿಗೂ ಸಣ್ಣದಾಗುತ್ತ ಹೋಯಿತು. ಎಲುಬಿನ ಮಾತು ಬಂದಾಗ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಿಲ್ಸ್ರಿ," ಎಂದಳು. "ಸಾಕು. ನನ್ನ ಮಗಳಿಗೆ ಏನೋ ಆಗ್ಯಾದ."

ಅಪ್ಪ ಪುಸ್ತಕದಿಂದ ತಲೆ ಎತ್ತಿ ನನ್ನನ್ನು ನೋಡಿದ. "ಸರಿಯಾಗಿ ನೋಡಿದ್ಯೇನು?"

ನಾನು ಅಂಕಿ ತೋರಿಸಿದೆ. ಇಪ್ಪತ್ತೆರಡೇ. ನನ್ನ ಜೀವನದಲ್ಲಿ ಮೊದಲ ಸಲ ನಾನು ಸರಿಯಾದ ಪುಟ ತೆರೆದಿದ್ದೆ, ಆದರೆ ಯಾರೂ ಸಂತೋಷಪಡಲಿಲ್ಲ.

"ಆಕಿಗೆ ಬಾಯಿಬಿಟ್ಟು ಹೇಳಾಕ ಆಗಿಲ್ಲ. ಅದಕ್ಕ ಹಿಂಗ ಹೇಳ್ಯಾಳ," ಎಂದಳು ಅವ್ವ. "ಪೇರಲ ತಿನ್ಲಿಲ್ಲಂತ, ಕೇಳಿದ್ರಿಲ್ಲ? ಪೇರಲ ಬ್ಯಾಡಂದಾಳಂದ್ರ ಆಕಿ ನನ್ನ ಮಗಳೇ ಅಲ್ಲ."

ಅಪ್ಪ ನನ್ನನ್ನು ಖಾಲಾಳ ಹಿಂದೆ ಓಡಿಸಿದ. ಬಜಾರದ ತಿರುವಿನಲ್ಲಿ ಅವಳು ಸಿಕ್ಕಳು. ಇಪ್ಪತ್ತೆರಡು ಹೌದೋ ಅಲ್ಲವೋ, ಬಾವೀಸ್ ಬದಲು ಬೇರೆ ಏನಾದರೂ ಹೇಳಿದಳೋ ಎಂದು ನಾನು ಏದುಸಿರಿನಲ್ಲಿ ಕೇಳಿದೆ. ಖಾಲಾಗೆ ಸಿಟ್ಟು ಬಂತು.

"ಪೇರಲ ತಕ್ಕಡಿಯಾಗ ಹೆಚ್ಚು ಕಡಿಮಿ ಆಗಬಹುದು ಬೇಟಾ, ಮಾತು ಆಗಂಗಿಲ್ಲ. ಬಾವೀಸ್ ಅಂದ್ರ ಬಾವೀಸ್. ನಿಮ್ಮಪ್ಪಗ ಹೇಳು, ಖಾಲಾಗ ಕಿವಿ ಭೇಷ್ ಅದಾವಂತ."

ನಾನು ಮನೆಗೆ ಬಂದು ಹಾಗೆಯೇ ಹೇಳಿದೆ. ಅಪ್ಪ ಶಾಲೆಗೆ ಹೊರಟ. ಏನೇ ಆಗಲಿ, ಗಂಟೆ ತಪ್ಪುವಂತಿಲ್ಲ. ನಾನೂ ಚೀಲ ತೆಗೆದುಕೊಂಡು ಅವನ ಹಿಂದೆ ನಡೆದೆ.

ಅಂದು ಅಪ್ಪ ಗಂಟೆ ಹೊಡೆದದ್ದನ್ನು ಆ ಶಾಲೆಯಲ್ಲಿ ಓದಿದವರು ಈಗಲೂ ಹೇಳಿ ನಗುತ್ತಾರೆ. ಶಾಲೆ ಶುರುವಾಗುವ ಗಂಟೆ ನಿಧಾನವಾಗಿ, ಬಿಟ್ಟು ಬಿಟ್ಟು ಹೊಡೆಯಬೇಕು. ಶಾಲೆ ಬಿಡುವ ಗಂಟೆ ಒಂದೇ ಸಮನೆ, ಉಸಿರು ಬಿಡದೆ. ಅಪ್ಪ ಬೆಳಿಗ್ಗೆಯೇ ಬಿಡುವ ಗಂಟೆ ಹೊಡೆದ. ಒಳಗೆ ಹೋಗುತ್ತಿದ್ದ ಹುಡುಗರು ಒಂದು ಗಳಿಗೆ ಮುಖ ಮುಖ ನೋಡಿಕೊಂಡರು, ಆಮೇಲೆ ಚೀಲ ಹೊತ್ತು ಹೋ ಎಂದು ಹೊರಗೆ ಓಡಿದರು. ಹೆಡ್‌ಮಾಸ್ತರರು ಗೇಟಿನ ತನಕ ಓಡಿ ಅವರನ್ನೆಲ್ಲ ಕುರಿ ಹೊಡೆದಂತೆ ಹೊಡೆದುಕೊಂಡು ಬಂದರು.

"ಏನಾಗ್ಯಾದೋ ನಿನಗ?" ಎಂದು ಅವರು ಅಪ್ಪನನ್ನು ಕೇಳಿದರು.

"ಮಗಳು ಹುಮನಾಬಾದಿನ್ಯಾಗ ಅದಾಳ್ರಿ," ಎಂದ ಅಪ್ಪ. ಅದೇ ಉತ್ತರವೆಂಬಂತೆ.

ಶನಿವಾರ ಅರ್ಧ ದಿನದ ಶಾಲೆ. ಬಿಡುವ ಗಂಟೆಯನ್ನು ಮತ್ತೊಮ್ಮೆ, ಈ ಸಲ ಸರಿಯಾದ ಹೊತ್ತಿಗೆ ಹೊಡೆದು, ಅಪ್ಪ ನನ್ನ ಕೈ ಹಿಡಿದು ನೇರವಾಗಿ ಮನೆಗೆ ನಡೆದ. ಅವ್ವ ಆಗಲೇ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದಳು. ಧರ್ಮಗ್ರಂಥವನ್ನೂ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಇದೇ ಪುಟ ಆಕಿಗೆ ತೋರ್ಸು. ಯಾಕ ಹೇಳಿ ಕಳಿಸಿದಿ ಅಂತ ಕೇಳು," ಎಂದಳು. ತಾನು ಬರುವುದಿಲ್ಲವೆಂದಳು. ಮಗಳು ಇನ್ನೊಂದು ಬಸ್ಸಿನಲ್ಲಿ ಮನೆಗೆ ಬಂದುಬಿಟ್ಟರೆ ಬಾಗಿಲಲ್ಲಿ ಯಾರಾದರೂ ಇರಬೇಕಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಎರಡೂ ಕಡೆ ತೊಗರಿ ಹೊಲಗಳು ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಬಿಳಿಜೋಳ ಮೊಳಕಾಲಿನಷ್ಟು ಬೆಳೆದು ಗಾಳಿಗೆ ಆಡುತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಕುಣಿಯುತ್ತಿದ್ದೆ. ಅಂದು ಮಡಿಲಲ್ಲಿದ್ದ ಪುಸ್ತಕ ಕಲ್ಲಿನಂತೆ ಭಾರವಾಗಿತ್ತು. ನನ್ನ ತಲೆಯಲ್ಲಿ ಪ್ರಶ್ನೆಗಳು ಸುತ್ತುತ್ತಿದ್ದವು. ಅಕ್ಕನ ಸುತ್ತ ನಿಂತು ನಗುವವರು ಯಾರು? ಅವಳ ಎಲುಬಿಗೆ ಏನಾಗಿದೆ? ದೇವರು ಕೈಬಿಟ್ಟರೆ ಮತ್ತೆ ಹಿಡಿಯುವುದಿಲ್ಲವೆ? ಅಪ್ಪನನ್ನು ಕೇಳೋಣವೆಂದರೆ ಅವನು ಮುಂದಿನ ಸೀಟಿನ ಕಬ್ಬಿಣದ ಸರಳನ್ನೇ ನೋಡುತ್ತ ಕೂತಿದ್ದ.

ರಾಜೇಶ್ವರದಲ್ಲಿ ಬಸ್ಸು ನಿಂತಾಗ ಕಂಡಕ್ಟರ್ ನಮ್ಮ ಬಳಿ ಬಂದು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದ. "ಏನ್ರಿ ಕಾಕಾ, ಯಾರ ಜೋಡಿ ಹೊಡದಾಟಕ್ಕ ಹೊಂಟೀರಿ?" ಎಂದ.

ಆಗ ಇಬ್ಬರೂ ನೋಡಿದೆವು. ಅಪ್ಪನ ಬಲಗೈಯಲ್ಲಿ ಶಾಲೆಯ ಗಂಟೆ ಹೊಡೆಯುವ ಕೊಡತಿ ಇತ್ತು. ಮನೆಗೆ ಬಂದಾಗಲೂ ಇತ್ತು, ಬಸ್ಸು ಹತ್ತುವಾಗಲೂ ಇತ್ತು, ಯಾರಿಗೂ ಕಂಡಿರಲಿಲ್ಲ. ಅಪ್ಪ ಅದನ್ನು ಸೀಟಿನ ಕೆಳಗೆ ಇಡಲು ಹೋದ, ಮರೆತುಬಿಟ್ಟೇನೆಂದು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡ.

ಹುಮನಾಬಾದಿನಲ್ಲಿ ಇಳಿದು ಆಸ್ಪತ್ರೆಗೆ ನಡೆದೆವು. ಗೇಟಿನಲ್ಲಿ ಒಬ್ಬ ಕಾವಲುಗಾರ ಬಿಸಿಲಿಗೆ ಮೈ ಕಾಯಿಸುತ್ತ, ಬೀಡಿ ಸೇದುತ್ತ ಕೂತಿದ್ದ. ಅಪ್ಪ ಅಕ್ಕನ ಹೆಸರು ಹೇಳಿ, ಎಲ್ಲಿದ್ದಾಳೆಂದು ಕೇಳಿದ.

"ಆಕಿನಾ? ಆಪರೇಷನ್ದಾಗ ಅದಾಳ್ರಿ," ಎಂದ ಅವನು. "ಮುಂಜಾನಿಯಿಂದ ಒಳಗೇ ಅದಾಳ. ಇನ್ನ ಹೊರಗ ಬಂದಿಲ್ಲ."

ಅಪ್ಪ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತ. ನಾನು ಪುಸ್ತಕವನ್ನು ಎದೆಗೆ ಅವುಚಿಕೊಂಡು ಅವನ ಪಕ್ಕ ನಿಂತೆ.

"ಏನಾಗಿತ್ರಿ?" ಎಂದು ಅಪ್ಪ ಕೇಳಿದ.

"ಹೊಟ್ಟ್ಯಾಗ ಗಡ್ಡಿ ಅಂತ್ರಿ. ಭಾಳ ದಿನದಿಂದ ಇತ್ತಂತ. ಯಾರಿಗೂ ಹೇಳೇ ಇಲ್ಲ ನೋಡ್ರಿ."

"ಉಳೀತಾಳೇನ್ರಿ?"

"ದೇವ್ರ ಕೈಯಾಗ ಅದ. ವಯಸ್ಸಾಗ್ಯಾದ ಪಾಪ. ಮೊಮ್ಮಕ್ಕಳು ಬಂದು ಅಳಾಕತ್ತಾವ ಒಳಗ."

ಅಪ್ಪ ತಲೆ ಎತ್ತಿದ. "ಮೊಮ್ಮಕ್ಕಳಾ? ಆಕಿಗಿನ್ನ ಮದುವಿನೇ ಆಗಿಲ್ರಿ."

ಕಾವಲುಗಾರ ಬೀಡಿ ಕೆಳಗಿಟ್ಟು ಅಪ್ಪನನ್ನು ನೋಡಿದ, ಆಮೇಲೆ ಕೊಡತಿಯನ್ನು ನೋಡಿದ. "ನೀವು ಯಾರ ಸುದ್ದಿ ಕೇಳಾಕತ್ತೀರಿ? ನಾ ಮೋರಖಂಡಿ ಊರಿನ ಮುದುಕಿದು ಹೇಳಾಕತ್ತೇನಿ. ನಿಮ್ಮ ಹುಡುಗಿ ಆಪರೇಷನ್ ಮಾಡೋರ ಜೋಡಿ ಅದಾಳ್ರಿ. ಸಾಮಾನು ಕೊಡೂದು, ತಗೋಳೂದು. ಇವತ್ತೇ ಮೊದಲನೇ ದಿನ ಆಕಿದು."

ಅಪ್ಪನಿಗೆ ಇದು ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದ ಮೇಲೂ ಅವನು ಕಲ್ಲಿನಿಂದ ಏಳಲಿಲ್ಲ. ಮಗಳ ಹೊಟ್ಟೆಯಲ್ಲಿ ಗಡ್ಡೆ ಇಲ್ಲ, ಸರಿ. ಹಾಗಾದರೆ ದೇವರು ಕೈಬಿಟ್ಟನೆಂದು ಹೇಳಿ ಕಳಿಸಿದ್ದು ಯಾಕೆ?

ನಾವು ವರಾಂಡದ ಬೆಂಚಿನ ಮೇಲೆ ಕೂತೆವು. ಔಷಧಿಯ ವಾಸನೆ, ಒದ್ದೆ ನೆಲದ ವಾಸನೆ. ಎಲ್ಲೋ ಒಳಗೆ ಸ್ಟೀಲಿನ ಪಾತ್ರೆಗಳ ಸದ್ದು. ಕೊನೆಗೆ ಬಾಗಿಲು ತೆರೆದು ಬಿಳಿ ಬಟ್ಟೆಯ ಹುಡುಗಿಯೊಬ್ಬಳು ಹೊರಗೆ ಬಂದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಾಗ ಅವಳು ಅಕ್ಕ ಎಂದು ಗೊತ್ತಾಯಿತು. ಅವಳು ನಮ್ಮನ್ನು ನೋಡಿದ್ದೇ ಬಿಳಿಚಿಕೊಂಡಳು.

"ಅವ್ವಗ ಏನಾಗ್ಯಾದ?" ಎಂದಳು.

"ಅವ್ವಗ ಏನೂ ಆಗಿಲ್ಲ. ನಿನಗ ಏನಾಗ್ಯಾದ?" ಎಂದ ಅಪ್ಪ.

"ನನಗೇನಾಗ್ಯಾದ? ಮತ್ಯಾಕ ಬಂದ್ರಿ?"

"ನೀನೇ ಹೇಳಿ ಕಳಿಸಿದ್ಯಲ್ಲ."

"ಓದ್ರಿ ಅಂತ ಹೇಳ್ದೆ, ಬರ್ರಿ ಅಂತ ಹೇಳಿಲ್ಲ."

"ಓದಿದ್ವಿ. ಅದಕ್ಕೇ ಬಂದ್ವಿ," ಎಂದ ಅಪ್ಪ.

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ನಾನು ಬಟ್ಟೆ ಬಿಚ್ಚಿ ಪುಸ್ತಕ ತೆರೆದು ಅವ್ವ ಹೇಳಿದ್ದ ಪುಟವನ್ನು ಅವಳ ಮುಂದೆ ಹಿಡಿದೆ. ಅವಳು ಮೊದಲ ಸಾಲು ಓದಿದಳು, ಎರಡನೆಯದನ್ನೂ ಓದಿದಳು. "ಇದಲ್ಲಪ್ಪ," ಎಂದಳು. "ನಾ ಹೇಳಿದ್ದು ಕುರುಬಂದು." ಅವಳು ಹೇಳುತ್ತಿದ್ದದ್ದು ನಿಮಗೆಲ್ಲ ಗೊತ್ತಿರುವ ಕೀರ್ತನೆ. ದೇವರು ಕುರಿ ಕಾಯುವವನಂತೆ ನಮ್ಮನ್ನು ಹಸಿರು ಹುಲ್ಲಿಗೆ, ತಿಳಿನೀರಿಗೆ ಕರೆದೊಯ್ಯುತ್ತಾನೆ, ಕತ್ತಲ ಕಣಿವೆಯಲ್ಲೂ ಹೆದರಿಕೆಯಿಲ್ಲ ಎಂದು ಅದರಲ್ಲಿದೆ.

"ಅದು ಇಪ್ಪತ್ಮೂರು," ಎಂದೆ ನಾನು. ಮುಂದಿನ ಪುಟದಲ್ಲೇ ಇತ್ತು.

"ಇಪ್ಪತ್ತೆರಡು," ಎಂದಳು ಅಕ್ಕ.

"ಇಪ್ಪತ್ಮೂರು."

ಅವಳು ಹಾಸ್ಟೆಲಿಗೆ ಹೋಗಿ, ಸಿಸ್ಟರುಗಳು ಕೊಟ್ಟಿದ್ದ ತನ್ನ ಪುಸ್ತಕ ತಂದಳು. ಚರ್ಮದ ರಟ್ಟಿನ, ಹಳದಿ ಹಾಳೆಗಳ, ಹಳೆಯ ಕಾಲದ ದಪ್ಪ ಪುಸ್ತಕ. ಅದರಲ್ಲಿ ಕುರುಬನ ಕೀರ್ತನೆಯ ತಲೆಯ ಮೇಲೆ ಇಪ್ಪತ್ತೆರಡು ಎಂದೇ ಇತ್ತು. ಎರಡೂ ಪುಸ್ತಕಗಳನ್ನು ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟೆವು. ಅಪ್ಪ ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಬೆರಳಿಟ್ಟು ನೋಡಿದ. ಎರಡೂ ದೇವರ ಮಾತು, ಎರಡರಲ್ಲೂ ಅದೇ ಹಾಡು, ನಂಬರು ಬೇರೆ. ಗಂಟೆ ಹೊಡೆದು ಬದುಕಿದ ನನ್ನ ಅಪ್ಪನಿಗೆ ಅದಕ್ಕಿಂತ ದೊಡ್ಡ ಗೊಂದಲ ಯಾವುದಿದ್ದೀತು? ಒಂದೇ ಹೊತ್ತಿಗೆ ಎರಡು ಗಡಿಯಾರ ಎರಡು ಸಮಯ ತೋರಿಸಿದಂತೆ.

ಆ ಹೊತ್ತಿಗೆ ಹಾಸ್ಟೆಲ್ ನೋಡಿಕೊಳ್ಳುವ ದೊಡ್ಡ ಸಿಸ್ಟರ್ ಬಂದರು. ವಿಷಯ ಕೇಳಿ ಅವರು ಕನ್ನಡಕದ ಹಿಂದೆ ನಕ್ಕರು. "ನಿಮ್ಮ ಓಣಿಯಾಗ ಎರಡು ಮನಿಗಿ ಒಂದೇ ಬಾಗಿಲದ ನಂಬರ್ ಹಾಕಿದ್ರ ಏನಾಗ್ತದ?" ಎಂದು ನನ್ನನ್ನು ಕೇಳಿದರು.

"ಮುಂದಿನ ಮನಿ ನಂಬರೆಲ್ಲ ಒಂದೊಂದು ಕಡಿಮಿ ಆಗ್ತಾವ್ರಿ," ಎಂದೆ.

"ಇಲ್ಲೂ ಹಂಗೇ ಆಗ್ಯಾದ. ಹಳೇ ಕಾಲದಾಗ ನಮ್ಮೋರು ಒಂಬತ್ತು, ಹತ್ತು ಎರಡೂ ಕೂಡಿಸಿ ಒಂದೇ ಅಂತ ಎಣಿಸ್ತಿದ್ರು. ಈಗ ಬ್ಯಾರೆ ಬ್ಯಾರೆ ಎಣಿಸ್ತಾರ. ಇದು ಹಳೇ ಲೆಕ್ಕದ ಪುಸ್ತಕ, ನಿಮ್ದು ಹೊಸಾದು. ನಿಮ್ಮ ಹುಡುಗಿಗಿ ಗೊತ್ತಿರ್ಲಿಲ್ಲ."

ನನಗೆ ಮೊದಲು ನಗು ಬಂತು. ಕಾವಲುಗಾರನೂ ಬಂದು ನಿಂತು ನಕ್ಕ. ಅಪ್ಪ ಮಾತ್ರ ನಗಲಿಲ್ಲ. ಅವನಿಗೆ ಇನ್ನೊಂದು ಕೇಳುವುದಿತ್ತು.

"ಅದಿರ್ಲಿ. ಕ್ಯಾಲೆಂಡರದಾಗಿದ್ದದ್ದು ಬಿಟ್ಟು ಇದ್ಯಾಕ ಆರಿಸಿದಿ?"

ಅಕ್ಕ ಕಾಲ ಹೆಬ್ಬೆರಳಿನಿಂದ ನೆಲ ಗೀರಿದಳು. "ಇವತ್ತ ಕ್ಯಾಲೆಂಡರದಾಗ ಬರೀ ಹೆಸರು ಇದ್ವಪ್ಪ. ಯಾರಿಗಿ ಯಾರು ಹುಟ್ಟಿದ್ರು, ಅವರಿಗಿ ಯಾರು ಹುಟ್ಟಿದ್ರು ಅಂತ. ನನಗ ಇವತ್ತ ಮೊದಲನೇ ಸಲ ಆಪರೇಷನ್ ಕ್ವಾಣ್ಯಾಗ ನಿಂದರೂದಿತ್ತು. ರಕ್ತ ನೋಡಿ ಬಿದ್ದುಗಿದ್ದೆ ಅಂದ್ರ ಮನಿಗಿ ಕಳಸ್ತಾರಂತ ಹೆದರಿಕಿ. ನೀವೂ ಆ ಹೊತ್ತಿನ್ಯಾಗ ಕುರುಬಂದು ಓದಿದ್ರ ನನಗ ಧೈರ್ಯ ಬರ್ತದಂತ…"

ಅಪ್ಪ ಬೆಂಚಿನ ಮೇಲೆ ಜಾಗ ಮಾಡಿ ಅವಳನ್ನು ಕೂರಿಸಿದ. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಬಿಚ್ಚಿ ಅವಳ ಮುಂದಿಟ್ಟ. ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ಎಡಗೈಯಲ್ಲಿ ನಮ್ಮ ಪುಸ್ತಕ ಹಿಡಿದು, ಬಲಗೈಯಲ್ಲಿ ರೊಟ್ಟಿ ಮುರಿಯುತ್ತ, ನಾವು ಬೆಳಿಗ್ಗೆ ಓದಿದ್ದ ಇಪ್ಪತ್ತೆರಡನ್ನು ಮೊದಲಿನಿಂದ ಓದಲು ತೊಡಗಿದಳು. ಓದುತ್ತ ಓದುತ್ತ ಅವಳು ಅಗಿಯುವುದನ್ನು ನಿಲ್ಲಿಸಿದಳು.

"ಇದೂ ಖರೇ ಅದಪ್ಪ," ಎಂದಳು ಮೆಲ್ಲಗೆ. "ಇಲ್ಲಿಗಿ ಬಂದ ಹೊಸದಾಗ ನನಗ ಹಿಂಗೇ ಆಗಿತ್ತು. ನಿದ್ದಿ ಬರ್ತಿರ್ಲಿಲ್ಲ. ನನ್ನ ಮಾತು ಕೇಳಿ ಹುಡುಗ್ಯಾರು ನಗ್ತಿದ್ರು. ಅವ್ವ ಅಳ್ತಾಳಂತ ನಾ ಹೇಳ್ಲಿಲ್ಲ."

ಈಗ ಅವಳೇ ಅತ್ತಳು, ರೊಟ್ಟಿ ಬಾಯಲ್ಲಿಟ್ಟುಕೊಂಡು. ಅಪ್ಪ ಅವಳ ತಲೆಯ ಮೇಲೆ ಕೈಯಿಡಲು ಹೋಗಿ, ಕೈಯಲ್ಲಿ ಮತ್ತೆ ಕೊಡತಿ ಇರುವುದನ್ನು ಕಂಡು, ಅದನ್ನು ನನಗೆ ಕೊಟ್ಟು, ಆಮೇಲೆ ಕೈಯಿಟ್ಟ. ಅದನ್ನು ನೋಡಿ ಅವಳು ಅಳುತ್ತಲೇ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಮುಂದೆ ಓದಿದಳು, ಕೊನೆಯ ಸಾಲಿನವರೆಗೂ.

"ನೀವು ಎಲ್ಲಿತನ ಓದಿದ್ರಿ?" ಎಂದು ಕೇಳಿದಳು.

"ಎಲುಬಿನತನ," ಎಂದೆ ನಾನು. "ಅವ್ವ ನಿಲ್ಸ್ರಿ ಅಂದ್ಳು."

"ಅರ್ಧಕ್ಕ ಬಿಟ್ರ ಹ್ಯಾಂಗೋ? ಕೊನಿಗಿ ನೋಡು. ಅತ್ತಾಂವನೇ ಹಾಡು ಹೇಳ್ತಾನ, ಬಡವರೆಲ್ಲ ಹೊಟ್ಟಿ ತುಂಬ ಉಣ್ತಾರ. ದೇವ್ರು ಕೇಳಿಸ್ಕೊಂಡಾನ."

ಅಪ್ಪ ಪುಸ್ತಕವನ್ನು ತೆಗೆದುಕೊಂಡು ತಾನೇ ಆ ಕೊನೆಯ ಭಾಗವನ್ನು ಓದಿದ. ಅವನು ಎಷ್ಟು ಹೊತ್ತು ಓದಿದನೆಂದರೆ ವಾಪಸು ಹೋಗುವ ಬಸ್ಸಿನ ಹೊತ್ತು ಹತ್ತಿರವಾಯಿತು. ಗಂಟೆಯ ಮನುಷ್ಯನಲ್ಲವೆ, ಎದ್ದು ನಿಂತು ಒಂದು ನಿಯಮ ಮಾಡಿದ.

"ದಿನಾ ಕ್ಯಾಲೆಂಡರ್ ಏನ್ ಹೇಳ್ತದ ಅದೇ ಓದೂದು. ಅದು ಬದಲಾಗಂಗಿಲ್ಲ. ಆದ್ರ ನಿನಗ ಆರಾಮ ಇದ್ರ ಖಾಲಾನ ಜೋಡಿ 'ನನ್ನ ಇಪ್ಪತ್ತೆರಡು' ಅಂತ ಹೇಳಿ ಕಳಸು. ಆರಾಮ ಇಲ್ದಿದ್ರ 'ನಿಮ್ಮ ಇಪ್ಪತ್ತೆರಡು' ಅಂತ ಹೇಳು. ನಾವು ಬರ್ತೀವಿ."

ಬಸವಕಲ್ಯಾಣ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವ ಓಣಿಯ ತಿರುವಿನಲ್ಲೇ ನಿಂತಿದ್ದಳು. ಅಪ್ಪ ದೂರದಿಂದಲೇ ಹೇಳಲು ತೊಡಗಿದ. "ಏನೂ ಆಗಿಲ್ಲ. ಆಕಿ ಇಪ್ಪತ್ತೆರಡಂದ್ರ ನಮ್ಮ ಇಪ್ಪತ್ಮೂರು. ನಮ್ಮ ಇಪ್ಪತ್ತೆರಡಂದ್ರ ಆಕಿ ಇಪ್ಪತ್ತೊಂದು. ಒಂಬತ್ತು ಹತ್ತು ಕೂಡಿಸಿದ್ರ…"

"ನನಗ ನಂಬರ್ ಬ್ಯಾಡ್ರಿ," ಎಂದಳು ಅವ್ವ. "ಆಕಿ ಉಂಡಾಳೋ ಇಲ್ಲೋ, ಅದೊಂದು ಹೇಳ್ರಿ."

"ಮೂರು ರೊಟ್ಟಿ ತಿಂದ್ಳವ್ವ," ಎಂದೆ ನಾನು. ಅವ್ವ ಒಳಗೆ ಹೋಗಿ ದೀಪ ಹಚ್ಚಿದಳು.

ಆಮೇಲೆ ಅನೇಕ ವರ್ಷ ಖಾಲಾ ಬಾಗಿಲಲ್ಲಿ ಬುಟ್ಟಿ ಇಳಿಸುತ್ತ, "ಆಕಿದೇ ಬಾವೀಸ್, ಫಿಕರ್ ಮಾಡ್ಬ್ಯಾಡ್ರಿ," ಎನ್ನುತ್ತಿದ್ದಳು. ಅದೇನೆಂದು ಅವಳಿಗೆ ಗೊತ್ತಿರಲಿಲ್ಲ, ಆದರೆ ಯಾವ ಬಾವೀಸ್ ಒಳ್ಳೆಯದೆಂಬುದು ಚೆನ್ನಾಗಿ ಗೊತ್ತಿತ್ತು.

ಈಗ ನಿಮ್ಮ ಕಾಲ. ನಮ್ಮ ಗೂಡು ಹಾಗೆಯೇ ಇದೆ, ಕ್ಯಾಲೆಂಡರಿನ ಮೊಳೆ ಖಾಲಿಯಾಗಿದೆ. ನೀವು ಫೋನು ಮುಟ್ಟಿದರೆ ಆ ದಿನದ ವಾಚನ ತಾನಾಗಿ ತೆರೆಯುತ್ತದೆ, ಬೇಡವೆಂದರೆ ಬೆರಳಿನಿಂದ ಸರಿಸಿ ಇನ್ನೊಂದನ್ನು ಆರಿಸುತ್ತೀರಿ. ಪುಟ ಹುಡುಕಿ ಬೈಸಿಕೊಳ್ಳುವವರಿಲ್ಲ. ಮೊನ್ನೆ ಪ್ರಾರ್ಥನೆಯ ಹೊತ್ತಿಗೆ ನೀವಿಬ್ಬರೂ ಜಗಳ ತೆಗೆದಿರಲ್ಲ, ಒಬ್ಬಳ ಫೋನಿನಲ್ಲಿ ಕೀರ್ತನೆಗೆ ಒಂದು ನಂಬರು, ಇನ್ನೊಬ್ಬನ ಫೋನಿನಲ್ಲಿ ಅದರ ಪಕ್ಕ ಕಂಸದಲ್ಲಿ ಇನ್ನೊಂದು. "ಅಜ್ಜಾ, ಯಾವುದು ತಪ್ಪು?" ಎಂದು ಕೇಳಿದಿರಿ. ನಾನು ನಕ್ಕುಬಿಟ್ಟೆ. ಉತ್ತರ ಇಷ್ಟುದ್ದ ಇದೆ, ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಅಕ್ಕ ಹುಮನಾಬಾದಿನಲ್ಲೇ ನರ್ಸಾಗಿ ದುಡಿದು, ಈಗ ಅಲ್ಲೇ ಮಗನ ಮನೆಯಲ್ಲಿದ್ದಾಳೆ. ದಿನವೂ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಫೋನು ಮಾಡುತ್ತಾಳೆ. ಮಾತಿನ ಕೊನೆಯಲ್ಲಿ, "ನನ್ನ ಇಪ್ಪತ್ತೆರಡೋ," ಎಂದು ಹೇಳಿ ಇಡುತ್ತಾಳೆ. ನೀವು ಅದನ್ನು ಮುದುಕರ ಚೇಷ್ಟೆಯೆಂದು ತಿಳಿದು ನಗುತ್ತೀರಿ.

ಇವತ್ತು ಸಂಜೆ ಅವಳು ಎಲ್ಲರ ಆರೋಗ್ಯ ವಿಚಾರಿಸಿದಳು, ನಿಮ್ಮ ಪರೀಕ್ಷೆಯ ಬಗ್ಗೆ ಕೇಳಿದಳು, ತನಗೇನೂ ತೊಂದರೆಯಿಲ್ಲ ಎಂದಳು. ಕೊನೆಗೆ, "ಇವತ್ತ ನಿಮ್ಮ ಇಪ್ಪತ್ತೆರಡು ನೋಡೋ ತಮ್ಮಾ," ಎಂದು ಫೋನಿಟ್ಟಳು.

ವಿಡಿಯೊ ಕಾಲ್ ಮಾಡಿ ನೋಡೋಣ ಎಂದಿರಿ. ಮಾಡಿದರೆ ಅವಳು ನಗುಮುಖ ತೋರಿಸುತ್ತಾಳೆ, ನನಗೆ ಗೊತ್ತು. ನಾಳೆ ಮೊದಲ ಬಸ್ಸಿಗೆ ನಾವು ಮೂವರೂ ಹೊರಡುತ್ತೇವೆ. ರೊಟ್ಟಿ ಕಟ್ಟಲು ನಿಮ್ಮ ಅವ್ವನಿಗೆ ಹೇಳಿದ್ದೇನೆ, ಪೇರಲ ದಾರಿಯಲ್ಲಿ ಕೊಳ್ಳೋಣ. ಅಪ್ಪ ಓದುತ್ತಿದ್ದ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಅದನ್ನು ನೀವು ಹಿಡಿದುಕೊಳ್ಳಿ. ಅಲ್ಲಿ ಅವಳ ಪಕ್ಕ ಕೂತು ನಮ್ಮ ಇಪ್ಪತ್ತೆರಡನ್ನು ಓದೋಣ, ಈ ಸಲ ನಡುವೆ ನಿಲ್ಲಿಸದೆ, ಕೊನೆಯ ಸಾಲಿನವರೆಗೆ.